ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳನ್ನೇ ಕುಂಡ ಮಾಡಿಕೊಂಡರೆ ಬೇರಿಗೆ ತೊಂದರೆಯಾ?

ಚಿಗುರೆಲೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಳಗೆಲ್ಲ ಕಾಣುವಂಥ ಪ್ಲಾಸ್ಟಿಕ್ ಡಬ್ಬಿಗಳು ಜಾಸ್ತಿ ಸೇರಿಕೊಂಡಿವೆ. ಹಣ್ಣು ತುಂಬಿಸಿ ಕೊಡುವ ಮುಚ್ಚಳದ ಡಬ್ಬಿ, ಕೇಕ್ ಡಬ್ಬಿ, ದೊಡ್ಡ ಬಾಟಲಿಗಳು, ಪಾರ್ಸೆಲ್ ಡಬ್ಬಿ, ಎಲ್ಲವೂ ಇವೆ. ಗಟ್ಟಿಯಾಗಿವೆ, ಎಸೆಯಲು ಮನಸ್ಸು ಬರುತ್ತಿಲ್ಲ. ಟೊಮೆಟೊ, ಮೆಣಸಿನಕಾಯಿ ಸಸಿಗಳನ್ನು ಇವುಗಳಲ್ಲೇ ಎಬ್ಬಿಸಿ, ಒಂದೆರಡರಲ್ಲಿ ಸೊಪ್ಪು ಹಾಕೋಣ ಅಂದುಕೊಂಡಿದ್ದೇನೆ.

ಆದರೆ ಕೇಳಿದವರೆಲ್ಲ ಒಂದೊಂದು ಮಾತು ಹೇಳುತ್ತಾರೆ. ಬೇರಿಗೆ ಬೆಳಕು ಬಿದ್ದರೆ ಗಿಡ ಉಳಿಯುವುದಿಲ್ಲ ಅಂತ ಒಬ್ಬರು. ಆರ್ಕಿಡ್ ಬೆಳೆಸುವವರು ಬೇಕಂತಲೇ ಇಂಥ ಕುಂಡ ತರುತ್ತಾರೆ, ಏನೂ ಆಗಲ್ಲ ಅಂತ ಇನ್ನೊಬ್ಬರು. ಯಾವುದನ್ನು ನಂಬಲಿ? ಯಾವ ಡಬ್ಬಿ ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ತೂತು ಹೇಗೆ ಮಾಡಲಿ? ಬೆಳೆಸಿ ಅನುಭವ ಇರುವವರು ಸ್ವಲ್ಪ ವಿವರವಾಗಿ ಹೇಳಿ.

ಕೆಂಪುಮಣ್ಣು

ಬೆಳಕು ಬಿದ್ದ ಮಾತ್ರಕ್ಕೆ ಗಿಡ ಸಾಯುವುದಿಲ್ಲ. ಅದನ್ನು ಮೊದಲು ತಲೆಯಿಂದ ತೆಗೆದುಬಿಡಿ. ಆದರೆ ಬೇರಿಗೆ ಬೆಳಕು ಇಷ್ಟವೂ ಅಲ್ಲ. ಕಾಂಡ ಬೆಳಕಿನ ಕಡೆ ಬಾಗುತ್ತದೆ, ಬೇರು ಬೆಳಕಿನಿಂದ ದೂರ ತಿರುಗುತ್ತದೆ. ಹೆಚ್ಚಿನ ಗಿಡಗಳ ಸ್ವಭಾವವೇ ಇದು. ಹಾಗಾಗಿ ಬಿಸಿಲಿನ ಕಡೆ ಇರುವ ಗೋಡೆಯ ಹತ್ತಿರ ಬೇರು ಕಡಿಮೆ ಇರುತ್ತದೆ, ಒಳಗೆ ಮತ್ತು ನೆರಳಿನ ಕಡೆ ಜಾಸ್ತಿ ಇರುತ್ತದೆ. ಚಿಕ್ಕ ಡಬ್ಬಿಯಲ್ಲಿ ಇರುವ ಜಾಗವೇ ಸ್ವಲ್ಪ, ಅದರಲ್ಲೂ ಒಂದು ಪಾಲು ಹೀಗೆ ಖಾಲಿ ಹೋಗುತ್ತದೆ.

ಕಣ್ಣಿಗೆ ಕಾಣುವ ತೊಂದರೆ ಪಾಚಿ. ತೇವ, ಬೆಳಕು, ಗೊಬ್ಬರ ಮೂರೂ ಸೇರಿದ ಕಡೆ ಪಾಚಿ ಬಂದೇ ಬರುತ್ತದೆ. ಡಬ್ಬಿಯ ಒಳಗೋಡೆ ಹಸಿರಾಗುತ್ತದೆ. ಪಾಚಿ ವಿಷವಲ್ಲ, ಗಿಡವನ್ನು ಕೊಲ್ಲುವುದಿಲ್ಲ. ಗೊಬ್ಬರದಲ್ಲಿ ಒಂಚೂರು ತಿನ್ನುತ್ತದೆ ನಿಜ. ನನಗೆ ಬೇಸರ ಆಗುವುದು ಬೇರೆ ಕಾರಣಕ್ಕೆ. ಗೋಡೆ ಹಸಿರಾದ ಮೇಲೆ ಒಳಗೆ ಏನೂ ಕಾಣುವುದಿಲ್ಲ. ಇಂಥ ಡಬ್ಬಿಯಿಂದ ಸಿಗುವ ದೊಡ್ಡ ಲಾಭವೇ ಬೇರು ಕಾಣುವುದು, ಅದೇ ಹೋಯಿತು ಅಂದರೆ ಮತ್ತೇನು ಉಳಿಯಿತು?

ಪರಿಹಾರ ಸುಲಭ. ಡಬ್ಬಿಗೆ ಒಂದು ಅಂಗಿ ತೊಡಿಸಿ. ದಪ್ಪ ಕಾಗದ, ಹಳೆಯ ಬಟ್ಟೆ, ರಟ್ಟು ಯಾವುದಾದರೂ ಆಗುತ್ತದೆ. ಅಂಟಿಸಬೇಡಿ, ಎಳೆದು ತೆಗೆಯುವ ಹಾಗೆ ಸಡಿಲವಾಗಿರಲಿ. ಬೇಕಾದಾಗ ತೆಗೆದು ಬೇರು ನೋಡಿ, ಮತ್ತೆ ಹಾಕಿ. ಬಣ್ಣ ಹೊಡೆಯುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಬಣ್ಣ ಹೊಡೆದರೆ ಒಳಗೆ ನೋಡುವ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಮರುಬಳಕೆಗೆ ಕೊಡುವುದೂ ಕಷ್ಟ.

ಬಿಳಲು

ಕೆಂಪುಮಣ್ಣು ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಆರ್ಕಿಡ್ ವಿಷಯ ಬೇರೆ. ಮನೆಗಳಲ್ಲಿ ಜಾಸ್ತಿ ಕಾಣುವ ಫೆಲನಾಪ್ಸಿಸ್ ಕಾಡಿನಲ್ಲಿ ಮರದ ಮೇಲೆ ಬದುಕುವ ಗಿಡ. ಅದರ ಬೇರು ಗಾಳಿಯಲ್ಲೇ ನೇತಾಡುತ್ತದೆ. ಆ ಬೇರಿನಲ್ಲಿ ಹಸಿರು ಇದೆ, ಬೆಳಕು ಸಿಕ್ಕರೆ ಎಲೆಯ ಹಾಗೆ ಆಹಾರವನ್ನೂ ಮಾಡಿಕೊಳ್ಳುತ್ತದೆ. ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ಒಣಗಿದಾಗ ಬೆಳ್ಳಿಯ ಬಣ್ಣ, ನೀರು ಕುಡಿದಾಗ ಹಸಿರು. ಪಾರದರ್ಶಕ ಕುಂಡದಲ್ಲಿ ಈ ಬಣ್ಣ ನೋಡಿಯೇ ನೀರು ಹಾಕುವುದು. ಬೆರಳು ಅದ್ದಿ ನೋಡುವ ಕೆಲಸವೇ ಇಲ್ಲ.

ಆದ್ದರಿಂದ ಆರ್ಕಿಡ್ ಇದ್ದರೆ ಅಂಗಿ ಬೇಡ, ಹಾಗೇ ಬಿಡಿ. ಪಕ್ಕದ ಗೋಡೆಯಲ್ಲೂ ಉದ್ದುದ್ದ ಸೀಳು ಮಾಡಿ, ಗಾಳಿ ಆಡಲಿ. ಅದಕ್ಕೆ ಬೆಳಕಿಗಿಂತ ಗಾಳಿ ಮುಖ್ಯ. ಮಣ್ಣು ಹಾಕಬೇಡಿ, ಮರದ ತೊಗಟೆ ಚೂರು ಹಾಕಿ.

ಕೆಂಪುಮಣ್ಣು

ಸರಿಯಾಗಿ ಹೇಳಿದಿರಿ. ಆದರೆ ಆರ್ಕಿಡ್‌ಗೆ ಹೊಂದಿದ್ದು ಟೊಮೆಟೊಗೂ ಹೊಂದುತ್ತದೆ ಅಂತ ಯಾರೂ ತಿಳಿಯಬಾರದು. ಗೊಂದಲ ಹುಟ್ಟುವುದೇ ಅಲ್ಲಿ. ಮರದ ಮೇಲಿನ ಬೇರು ಬೇರೆ, ಮಣ್ಣಿನೊಳಗಿನ ಬೇರು ಬೇರೆ.

ಡಬ್ಬಿಗಂಟು

ಯಾವ ಡಬ್ಬಿ ಇಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ. ತಳ ತಿರುಗಿಸಿ ನೋಡಿ. ಬಾಣಗಳ ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಶುರು ಮಾಡಿದ ಗುರುತು ಅದು. ತ್ರಿಕೋನ ಇದೆ ಅಂದರೆ ಮರುಬಳಕೆ ಆಗಿಯೇ ಆಗುತ್ತದೆ ಅಂತ ಅರ್ಥ ಅಲ್ಲ, ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ ಅದು ಹೇಳುತ್ತದೆ.

ನಿಮ್ಮ ಬಾಟಲಿಗಳು, ಹಣ್ಣಿನ ಡಬ್ಬಿಗಳು ಹೆಚ್ಚಾಗಿ 1, ಅಂದರೆ ಪೆಟ್. ಗಾಜಿನಷ್ಟು ಸ್ಪಷ್ಟ, ಬಗ್ಗುತ್ತದೆ, ಬೇಗ ಒಡೆಯುವುದಿಲ್ಲ. ಪಾರ್ಸೆಲ್ ಡಬ್ಬಿ ಹೆಚ್ಚಾಗಿ 5, ಅಂದರೆ ಪಾಲಿಪ್ರೊಪಿಲೀನ್. ಸ್ವಲ್ಪ ಮಬ್ಬಾಗಿರುತ್ತದೆ, ಬಿಸಿ ತಡೆಯುತ್ತದೆ. ಇವೆರಡೂ ಗಿಡಕ್ಕೆ ಆಗುತ್ತವೆ. 6 ಅಂದರೆ ಪಾಲಿಸ್ಟೈರೀನ್. ಕೆಲವು ಕೇಕ್ ಡಬ್ಬಿ, ಗಟ್ಟಿ ಲೋಟಗಳು ಇದರಲ್ಲಿ ಇರುತ್ತವೆ. ಹೊಳೆಯುತ್ತದೆ, ಆದರೆ ಬಗ್ಗಿಸಿದರೆ ಚಟ್ ಅಂತ ಮುರಿಯುತ್ತದೆ. ತೂತು ಮಾಡುವಾಗಲೇ ಬಿರುಕು ಬಿಡುವುದು ಇದೇ. 3 ಅಂತ ಕಂಡರೆ ಪಿ.ವಿ.ಸಿ., ಅದನ್ನು ಬಿಟ್ಟುಬಿಡಿ. 7 ಅನ್ನುವುದು ಉಳಿದ ಎಲ್ಲವನ್ನೂ ಸೇರಿಸಿದ ಗುಂಪು, ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ತಿನ್ನುವ ಬೆಳೆಗೆ ನಾನು ಬಳಸುವುದಿಲ್ಲ.

ಇನ್ನೊಂದು ಮಾತು. ಶುಚಿ ಮಾಡುವ ದ್ರಾವಣ, ಕೀಟನಾಶಕ, ಎಣ್ಣೆಬಣ್ಣ ಇದ್ದ ಡಬ್ಬಿ ಎಷ್ಟೇ ತೊಳೆದರೂ ಸೊಪ್ಪಿಗೆ ಬೇಡ.

ಚಿಗುರೆಲೆ

ತುಂಬಾ ಉಪಯೋಗ ಆಯಿತು. ಎರಡು ಡಬ್ಬಿಗಳಲ್ಲಿ ಅಂಕಿಯೇ ಇಲ್ಲ. ಕಂಡುಹಿಡಿಯಲು ಬೇರೆ ದಾರಿ ಇದೆಯಾ?

ಡಬ್ಬಿಗಂಟು

ಒಂದು ಚಿಕ್ಕ ಚೂರು ಕತ್ತರಿಸಿ ನೀರಿಗೆ ಹಾಕಿ. ಗಾಳಿಗುಳ್ಳೆ ಅಂಟಿರದ ಹಾಗೆ ಬೆರಳಿನಿಂದ ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್ ತೇಲುತ್ತದೆ. ಪೆಟ್, ಪಾಲಿಸ್ಟೈರೀನ್ ಎರಡೂ ಮುಳುಗುತ್ತವೆ. ಮುಳುಗಿದ ಚೂರನ್ನು ಮಡಚಿ ನೋಡಿ. ಮಡಚಿದ ಕಡೆ ಬೆಳ್ಳಗಾಗಿ ಗೆರೆ ಬಿದ್ದರೆ ಪೆಟ್ ಇರಬಹುದು, ಮುರಿದರೆ ಪಾಲಿಸ್ಟೈರೀನ್. ಪಿ.ವಿ.ಸಿ. ಕೂಡ ಮುಳುಗುತ್ತದೆ, ಬೆಳ್ಳಗೂ ಆಗುತ್ತದೆ. ಹಾಗಾಗಿ ಅಂಕಿ ಇಲ್ಲದ್ದನ್ನು ಹೂಗಿಡಕ್ಕೆ ಇಟ್ಟುಕೊಳ್ಳಿ, ತಿನ್ನುವುದಕ್ಕೆ ಬೇಡ.

ಪೆಟ್ ಡಬ್ಬಿಯನ್ನು ಕುದಿಯುವ ನೀರಿನಲ್ಲಿ ತೊಳೆಯಬೇಡಿ. 70–80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರು ಸಾಕು.

ಕೈಕೆಲಸ

ತೂತಿನ ಬಗ್ಗೆ ನಾನು ಹೇಳುತ್ತೇನೆ. ಚಾಕುವಿನಿಂದ ಚುಚ್ಚಬೇಡಿ. ಚಾಕು ಜಾರಿದರೆ ಕೈಗೆ ಬೀಳುತ್ತದೆ. ಜೊತೆಗೆ ಚಾಕುವಿನ ಸೀಳು ಚೂಪು ಮೂಲೆ ಬಿಡುತ್ತದೆ, ಮಣ್ಣಿನ ಭಾರಕ್ಕೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಕಾದ ಮೊಳೆ ಅಥವಾ ಸೋಲ್ಡರಿಂಗ್ ಐರನ್ ತುದಿ ಒಳ್ಳೆಯದು. ಕರಗಿದ ಪ್ಲಾಸ್ಟಿಕ್ ತೂತಿನ ಸುತ್ತ ಉಂಗುರದ ಹಾಗೆ ದಪ್ಪ ಅಂಚು ಕಟ್ಟುತ್ತದೆ, ತೂತು ಗಟ್ಟಿಯಾಗುತ್ತದೆ. ಮೊಳೆಯನ್ನು ಇಕ್ಕಳದಲ್ಲಿ ಹಿಡಿಯಿರಿ. ಕಿಟಕಿ ತೆರೆದು ಅಥವಾ ಹೊರಗೆ ಕೂತು ಮಾಡಿ, ಹೊಗೆ ಉಸಿರಾಡಬೇಡಿ. 3 ಮತ್ತು 6ನೇ ನಂಬರಿನದನ್ನು ಕಾಯಿಸಲೇಬೇಡಿ. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಪಾಲಿಸ್ಟೈರೀನ್ ಸುಟ್ಟರೆ ಸ್ಟೈರೀನ್ ಹೊರಬರುತ್ತದೆ.

ಡ್ರಿಲ್ ಇದ್ದರೆ ಡಬ್ಬಿಯ ಒಳಗೆ ಮರದ ತುಂಡು ಒತ್ತಿಟ್ಟು, ಹೊರಗೆ ಟೇಪ್ ಅಂಟಿಸಿ, ನಿಧಾನದ ವೇಗದಲ್ಲಿ ಕೊರೆಯಿರಿ. ತೂತು 5–6 ಮಿಲಿಮೀಟರ್ ಇದ್ದರೆ ಸಾಕು. ಒಂದೇ ದೊಡ್ಡ ತೂತಿಗಿಂತ ನಾಲ್ಕೈದು ಚಿಕ್ಕ ತೂತು ವಾಸಿ, ಮಣ್ಣು ಸೋರುವುದಿಲ್ಲ. ಚೆರ್ರಿ, ಸ್ಟ್ರಾಬೆರಿ ತುಂಬುವ ಡಬ್ಬಿಗಳ ತಳದಲ್ಲಿ ಮೊದಲೇ ಸೀಳು ಇರುತ್ತದೆ. ಅದಕ್ಕೆ ಏನೂ ಮಾಡಬೇಕಿಲ್ಲ.

ಸೋಡಾ ಬಾಟಲಿ ಬಳಸುವವರು ಇದನ್ನು ಗಮನಿಸಿ. ಪೆಟ್ ಬಾಟಲಿಗೆ ನಥಾನಿಯಲ್ ವೈಯತ್ ಪೇಟೆಂಟ್ ಪಡೆದದ್ದು 1973ರಲ್ಲಿ. ಗ್ಯಾಸ್ ತುಂಬಿದ ಪಾನೀಯದ ಒತ್ತಡ ತಡೆಯಬೇಕು ಅನ್ನುವುದೇ ಆಗ ಇದ್ದ ಸವಾಲು. ಅದಕ್ಕೇ ಸೋಡಾ ಬಾಟಲಿಯ ಗೋಡೆ ನೀರಿನ ಬಾಟಲಿಗಿಂತ ಗಟ್ಟಿ, ಕುಂಡಕ್ಕೆ ಒಳ್ಳೆಯದು. ಆದರೆ ಅದರ ತಳದಲ್ಲಿ ಉಬ್ಬಿದ ಐದು ಕಾಲು ಇರುತ್ತವೆ. ನಡುವೆ ಮಾತ್ರ ತೂತು ಮಾಡಿದರೆ ಐದೂ ಕಾಲುಗಳಲ್ಲಿ ನೀರು ನಿಲ್ಲುತ್ತದೆ. ಪ್ರತಿ ಕಾಲಿಗೂ ತುದಿಗಿಂತ ಸ್ವಲ್ಪ ಪಕ್ಕಕ್ಕೆ ಒಂದೊಂದು ತೂತು ಬೇಕು. ತುದಿಯಲ್ಲೇ ಮಾಡಿದರೆ ನೆಲಕ್ಕೆ ತಾಗಿ ಮುಚ್ಚಿಹೋಗುತ್ತದೆ.

ಚಿಗುರೆಲೆ

ತಳದಲ್ಲಿ ಒಂದು ಪದರ ಜಲ್ಲಿ ಹಾಕಬೇಕು, ಆಗ ನೀರು ಚೆನ್ನಾಗಿ ಇಳಿಯುತ್ತದೆ ಅಂತ ಕೇಳಿದ್ದೇನೆ. ಹಾಕಲಾ?

ಕೆಂಪುಮಣ್ಣು

ಬೇಡ. ಇದು ತುಂಬಾ ಹಳೆಯ ನಂಬಿಕೆ, ಆದರೆ ಕೆಲಸ ಉಲ್ಟಾ ಆಗುತ್ತದೆ. ಸಣ್ಣ ಕಣದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ದೊಡ್ಡ ಸಂದುಗಳ ಜಲ್ಲಿ ಇದ್ದರೆ ನೀರು ಸಲೀಸಾಗಿ ಅದಕ್ಕೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ಕೆಳಗೆ ತೊಟ್ಟಿಕ್ಕುತ್ತದೆ. ಅಂದರೆ ಡಬ್ಬಿಯ ತಳದಲ್ಲಿ ಇರಬೇಕಾದ ಕೆಸರಿನ ಪಟ್ಟಿ ಬೇರಿನ ಹತ್ತಿರಕ್ಕೆ ಮೇಲೆ ಬಂದು ಕೂರುತ್ತದೆ.

ಅನುಮಾನ ಇದ್ದರೆ ಒಂದೇ ಥರದ ಎರಡು ಬಾಟಲಿ ಕತ್ತರಿಸಿ, ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಜಲ್ಲಿಯ ಮೇಲೆ ಮಣ್ಣು ಹಾಕಿ ನೀರು ಹೊಯ್ಯಿರಿ. ಒದ್ದೆಯ ಗೆರೆ ಎಲ್ಲಿ ನಿಲ್ಲುತ್ತದೆ ಅಂತ ಗೋಡೆಯಲ್ಲೇ ಕಾಣುತ್ತದೆ. ಮಣ್ಣಿನ ಕುಂಡದಲ್ಲಿ ಇದನ್ನು ಯಾರಿಗೂ ತೋರಿಸಲು ಆಗುವುದಿಲ್ಲ. ಪಾರದರ್ಶಕ ಡಬ್ಬಿ ನನಗೆ ಇಷ್ಟವಾಗುವುದು ಇದಕ್ಕೇ.

ಇದರಿಂದ ಇನ್ನೂ ಒಂದು ವಿಷಯ ತಿಳಿಯುತ್ತದೆ. ಆ ಕೆಸರಿನ ಪಟ್ಟಿಯ ಎತ್ತರ ಮಣ್ಣಿನ ಮಿಶ್ರಣವನ್ನು ಅವಲಂಬಿಸಿದೆ, ಡಬ್ಬಿಯ ಆಳವನ್ನಲ್ಲ. ಎತ್ತರದ ಡಬ್ಬಿಯಲ್ಲಿ ಅದರ ಮೇಲೆ ಬೇಕಾದಷ್ಟು ಗಾಳಿಯಾಡುವ ಮಣ್ಣು ಉಳಿಯುತ್ತದೆ. ಚಪ್ಪಟೆ ಡಬ್ಬಿಯಲ್ಲಿ ಹೆಚ್ಚು ಭಾಗ ಕೆಸರೇ. ಅದಕ್ಕೇ ಚಪ್ಪಟೆ ಡಬ್ಬಿಗೆ ತೋಟದ ಮಣ್ಣು ಹಾಕಬೇಡಿ. ಕೋಕೋಪೀಟ್, ಸೋಸಿದ ಕಾಂಪೋಸ್ಟ್, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಸೇರಿಸಿದ ಹಗುರ ಮಿಶ್ರಣ ಹಾಕಿ. ಪ್ಲಾಸ್ಟಿಕ್ ಗೋಡೆಯಿಂದ ನೀರು ಆವಿಯಾಗಿ ಹೋಗುವುದಿಲ್ಲ. ಸುಟ್ಟ ಮಣ್ಣಿನ ಕುಂಡಕ್ಕೆ ಹಾಕುವಷ್ಟು ನೀರು ಇದಕ್ಕೆ ಜಾಸ್ತಿಯಾಗುತ್ತದೆ.

ಪಾಠಶಾಲೆ

ಮಕ್ಕಳಿಗೆ ಗಿಡ ತೋರಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗುವುದಿಲ್ಲ. ಹುರುಳಿಕಾಯಿ ಜಾತಿಯ ಯಾವುದೇ ದೊಡ್ಡ ಬೀಜವನ್ನು ಗೋಡೆಗೆ ಒತ್ತಿ ನೆಡಿ. ಡಬ್ಬಿಯನ್ನು ಆ ಗೋಡೆಯ ಕಡೆಗೆ ಸ್ವಲ್ಪ ಓರೆಯಾಗಿ ಇಡಿ. ಬೇರು ಕೆಳಕ್ಕೆ ಇಳಿಯಲು ನೋಡುತ್ತದೆ, ಗೋಡೆ ಅಡ್ಡ ಬರುತ್ತದೆ, ಗೋಡೆಗೆ ಅಂಟಿಕೊಂಡೇ ಬೆಳೆಯುತ್ತದೆ. ಗೋಡೆಯನ್ನು ಕಪ್ಪು ಕಾಗದದಿಂದ ಮುಚ್ಚಿಟ್ಟು, ನೋಡುವಾಗ ಮಾತ್ರ ತೆಗೆಯಿರಿ. ಬೇರಿನ ಅಧ್ಯಯನ ಮಾಡುವ ವಿಜ್ಞಾನಿಗಳೂ ಇದನ್ನೇ ಮಾಡುತ್ತಾರೆ. 19ನೇ ಶತಮಾನದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸಾಕ್ಸ್ ಗಾಜಿನ ಗೋಡೆಯ ಪೆಟ್ಟಿಗೆಯಲ್ಲಿ ಬೇರು ನೋಡುತ್ತಿದ್ದರು. ಇವತ್ತಿಗೂ ಸಂಶೋಧನಾ ಕೇಂದ್ರಗಳಲ್ಲಿ ಪಾರದರ್ಶಕ ಗೋಡೆಯ ಪೆಟ್ಟಿಗೆಗಳಿವೆ.

ಮಕ್ಕಳ ಹತ್ತಿರ ಮಾರ್ಕರ್ ಕೊಡಿ. ದಿನಾ ಬೇರಿನ ತುದಿ ಎಲ್ಲಿದೆ ಅಂತ ಗೋಡೆಯ ಹೊರಗೆ ಗೆರೆ ಎಳೆಯಲಿ. ಆಮೇಲೆ ಡಬ್ಬಿಯನ್ನು ಇನ್ನೊಂದು ಕಡೆಗೆ ವಾಲಿಸಿ. ಬೇರು ದಾರಿ ಬದಲಿಸುವುದನ್ನು ಅವರೇ ಕಂಡುಹಿಡಿಯುತ್ತಾರೆ. ಅದನ್ನು ಬಾಯಲ್ಲಿ ಹೇಳಿಕೊಡಲು ಹೋಗಬೇಡಿ ದಯವಿಟ್ಟು, ಅವರೇ ನೋಡಲಿ.

ಸೋನೆಮಳೆ

ಮುಚ್ಚಳ ಎಸೆಯಬೇಡಿ ಚಿಗುರೆಲೆ ಅವರೇ! ಮುಚ್ಚಳ ಇರುವ ಡಬ್ಬಿ ಅಂದರೆ ಒಂದು ಪುಟ್ಟ ಹಸಿರುಮನೆ. ಬೀಜ ಹಾಕಿ, ನೀರು ಚಿಮುಕಿಸಿ, ಮುಚ್ಚಳ ಹಾಕಿದರೆ ತೇವ ಒಳಗೇ ತಿರುಗುತ್ತದೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಪತಂಗದ ಕೋಶ ಇಟ್ಟಿದ್ದರು. ಅದರೊಳಗಿನ ಮಣ್ಣಿನಲ್ಲಿ ತಾನಾಗಿಯೇ ಜರೀಗಿಡ ಮೊಳೆತದ್ದು ಕಂಡರು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ಸಮುದ್ರ ದಾಟಿ ಗಿಡಗಳು ಜೀವಂತವಾಗಿ ಹೋದವು. ನಮ್ಮ ಹಣ್ಣಿನ ಡಬ್ಬಿ ಮಾಡುವುದೂ ಅದೇ ಕೆಲಸ.

ಎಚ್ಚರ ಬೇಕಾದದ್ದು ಎರಡು ಕಡೆ. ಮೊಳಕೆ ಮೇಲೆ ಬಂದ ಕೂಡಲೇ ಮುಚ್ಚಳ ಸ್ವಲ್ಪ ತೆರೆಯಿರಿ, ಆಮೇಲೆ ದಿನದಿನಕ್ಕೆ ಜಾಸ್ತಿ ತೆರೆಯಿರಿ. ಗಾಳಿ ಇಲ್ಲದೆ ಒದ್ದೆ ಹಾಗೇ ನಿಂತರೆ ಸಸಿಯ ಬುಡ ತೆಳ್ಳಗಾಗಿ, ಕಪ್ಪಾಗಿ, ಮಲಗಿಬಿಡುತ್ತದೆ. ಪಿಥಿಯಂ, ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಮಾಡುವ ಬುಡ ಕೊಳೆ ಅದು. ಒಂದು ಸಸಿಗೆ ಬಂದರೆ ಇಡೀ ಡಬ್ಬಿಗೆ ಹರಡುತ್ತದೆ. ಎರಡನೆಯದು, ಮುಚ್ಚಳ ಹಾಕಿದ ಡಬ್ಬಿಯನ್ನು ನೇರ ಬಿಸಿಲಿಗೆ ಇಡಬೇಡಿ. ಒಳಗಿನ ಬಿಸಿ ಬೇಗ ಏರಿ ಎಳೆಯ ಸಸಿಗಳು ಬೇಯುತ್ತವೆ. ಬೆಳಕು ಚೆನ್ನಾಗಿರುವ ನೆರಳು ಸಾಕು.

ನೆಲದಮಾತು

ನನಗೆ ಒಂದು ಆಕ್ಷೇಪ ಇದೆ, ಬೇಸರ ಮಾಡಿಕೊಳ್ಳಬೇಡಿ. ಪ್ಲಾಸ್ಟಿಕ್ ಬಿಸಿಲಿನಲ್ಲಿ ಕೂತರೆ ಹಾಳಾಗುತ್ತದೆ. ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತವೆ, ಆಮೇಲೆ ಮುಟ್ಟಿದರೆ ಚೂರಾಗುತ್ತವೆ. ಆ ಚೂರು ಮಣ್ಣಿಗೆ ಸೇರುತ್ತದೆ, ಮಣ್ಣಿನಿಂದ ಆರಿಸಿ ತೆಗೆಯಲು ಯಾರಿಗೂ ಆಗುವುದಿಲ್ಲ. ಒಮ್ಮೆ ಬಳಸಿ ಬಿಡಲು ಮಾಡಿದ ಡಬ್ಬಿಯಲ್ಲಿ ಬಿಸಿಲು ತಡೆಯುವ ವಸ್ತು ಸೇರಿಸಿರುವುದಿಲ್ಲ. ಎಸೆಯುವುದನ್ನು ಮುಂದಕ್ಕೆ ಹಾಕಿ ಕೊನೆಗೆ ಮಣ್ಣಿನಲ್ಲೇ ಪುಡಿ ಮಾಡುವುದಾದರೆ, ಗಟ್ಟಿ ಇರುವಾಗಲೇ ಮರುಬಳಕೆಗೆ ಕೊಡುವುದು ಒಳ್ಳೆಯದಲ್ವಾ?

ಡಬ್ಬಿಗಂಟು

ನಿಮ್ಮ ಮಾತು ನ್ಯಾಯವಾದದ್ದು. ಅದಕ್ಕೇ ನಾನು ಈ ಡಬ್ಬಿಗಳನ್ನು ಬಯಲಿನ ಖಾಯಂ ಕುಂಡ ಮಾಡಿ ಅನ್ನುವುದಿಲ್ಲ. ಸಸಿ ಎಬ್ಬಿಸಲು, ಕಡ್ಡಿ ಬೇರು ಬಿಡಿಸಲು, ಮನೆಯೊಳಗಿನ ಗಿಡಕ್ಕೆ ಬಳಸಿ. ಆಗಾಗ ಅಂಚನ್ನು ಮೆಲ್ಲಗೆ ಅದುಮಿ ನೋಡಿ. ಬಗ್ಗಿದರೆ ಇನ್ನೂ ಜೀವ ಇದೆ. ಚರಚರ ಸದ್ದು ಬಂದರೆ, ಬಣ್ಣ ಹಳದಿಯಾದರೆ, ಅವತ್ತೇ ಗಿಡ ತೆಗೆದು, ಡಬ್ಬಿ ತೊಳೆದು ಮರುಬಳಕೆಗೆ ಹಾಕಿ. ಪೆಟ್ ಬಿಸಿಲಿಗೆ ಉಳಿದವಕ್ಕಿಂತ ಸ್ವಲ್ಪ ಹೆಚ್ಚು ತಡೆಯುತ್ತದೆ, ಆದರೂ ಶಾಶ್ವತ ಅಲ್ಲ. ಕೆಂಪುಮಣ್ಣು ಹೇಳಿದ ಅಂಗಿ ಇಲ್ಲೂ ಉಪಯೋಗ, ಬಿಸಿಲು ಪ್ಲಾಸ್ಟಿಕ್‌ಗೆ ನೇರ ತಾಗುವುದಿಲ್ಲ. ಬಿಳಿ ಬಟ್ಟೆಯಾದರೆ ಮಣ್ಣೂ ತಂಪಾಗಿರುತ್ತದೆ.

ನೆಲದಮಾತು

ಹಾಗಾದರೆ ಒಪ್ಪುತ್ತೇನೆ. ಪೆಡಸಾಗುವ ಮೊದಲೇ ತೆಗೆಯುವುದು ಅನ್ನುವ ಮಾತು ಎಲ್ಲರೂ ನೆನಪಿಡಲಿ. ಜನ ಮರೆಯುವುದು ಅದನ್ನೇ.

ಬಾಲ್ಕನಿಹುಡುಗಿ

ನಡುವೆ ಬರುತ್ತೇನೆ. ಈ ಡಬ್ಬಿಗಳಿಂದ ಸೊಪ್ಪಿಗೆ ರಾಸಾಯನಿಕ ಇಳಿಯುವುದಿಲ್ವಾ? ನನಗೆ ಅದೇ ಭಯ. ಬಿ.ಪಿ.ಎ. (ಬಿಸ್ಫಿನಾಲ್ ಎ ಅನ್ನುವ ರಾಸಾಯನಿಕ) ಬಗ್ಗೆ ಎಲ್ಲ ಕಡೆ ಹೇಳುತ್ತಾರಲ್ಲ.

ಡಬ್ಬಿಗಂಟು

ಬಿ.ಪಿ.ಎ. ಬಳಸುವುದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ ಮಾಡಲು. ಅದು 7ರ ಗುಂಪಿನಲ್ಲಿ ಬರುತ್ತದೆ. ಪೆಟ್ ಮಾಡಲು ಬಿ.ಪಿ.ಎ. ಬಳಸುವುದಿಲ್ಲ. ಪೆಟ್ ತಯಾರಿಕೆಯಲ್ಲಿ ಆಂಟಿಮನಿ ಅನ್ನುವ ಲೋಹದಂಥ ವಸ್ತು ಬಳಸುವುದರಿಂದ ಅದರ ಅಂಶ ಅತಿ ಸಣ್ಣ ಪ್ರಮಾಣದಲ್ಲಿ ಉಳಿಯುತ್ತದೆ. ಬಿಸಿ ಏರಿದಷ್ಟೂ ಅದು ಹೊರಬರುವುದು ಜಾಸ್ತಿ. ಹಾಗಾಗಿ ಆಹಾರಕ್ಕೆ ಬಳಸಿದ್ದ 1, 5ನೇ ನಂಬರಿನ ಡಬ್ಬಿಯನ್ನು ತಂಪಾದ ಕಡೆ ಇಟ್ಟು ಸೊಪ್ಪು ಬೆಳೆಸಲು ನನಗೆ ಅಳುಕಿಲ್ಲ. ಕಾದ ತಾರಸಿಯ ಮೇಲೆ ದಿನವಿಡೀ ಇಟ್ಟು ಬೆಳೆಸುವುದಾದರೆ ಬೇರೆ ಕುಂಡ ನೋಡಿಕೊಳ್ಳಿ.

ನೀರುಗಾವಲು

ಯಾರೂ ಸೊಳ್ಳೆಯ ಮಾತು ಎತ್ತಲಿಲ್ಲ. ಡಬ್ಬಿಯ ಕೆಳಗೆ ಇಡುವ ತಟ್ಟೆ, ಬಾಟಲಿಯ ಕೆಳಭಾಗದಲ್ಲಿ ನಿಂತ ನೀರು, ಎರಡೂ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟದ ಜಾಗ. ಅದಕ್ಕೆ ಕೆರೆ ಬೇಡ, ಒಂದು ಮುಚ್ಚಳದಷ್ಟು ನೀರು ಸಾಕು. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸುಮಾರು 7–10 ದಿನ. ವಾರಕ್ಕೊಮ್ಮೆಯಾದರೂ ತಟ್ಟೆ ಖಾಲಿ ಮಾಡಿ. ಬರೀ ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಿ. ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಖಾಲಿ ಡಬ್ಬಿಗಳನ್ನು ಹೊರಗೆ ಕೂಡಿಡುವವರು ಬೋರಲು ಹಾಕಿ ಇಡಿ.

ಚಿಗುರೆಲೆ

ಇದು ನನಗೆ ಹೊಳೆದೇ ಇರಲಿಲ್ಲ, ಧನ್ಯವಾದ. ಕೊನೆಯದಾಗಿ ಒಂದು ಕೇಳುತ್ತೇನೆ. ಬಾಟಲಿಯನ್ನು ಅಡ್ಡ ಕತ್ತರಿಸಿ, ಮೇಲಿನ ಭಾಗವನ್ನು ತಲೆಕೆಳಗಾಗಿ ಕೆಳಭಾಗದಲ್ಲಿ ಕೂರಿಸಿ, ಬತ್ತಿ ಇಳಿಬಿಟ್ಟರೆ ಗಿಡ ತಾನೇ ನೀರು ಎಳೆದುಕೊಳ್ಳುತ್ತದೆ ಅಂತಾರೆ. ಸೊಪ್ಪಿಗೆ ಅದು ಆಗುತ್ತಾ?

ಬಿಳಲು

ಚೆನ್ನಾಗಿ ಆಗುತ್ತದೆ. ಪುದೀನದಂಥ ನೀರು ಬೇಡುವ ಗಿಡಕ್ಕಂತೂ ಇನ್ನೂ ಒಳ್ಳೆಯದು. ಹತ್ತಿಯ ಬತ್ತಿ ಕೊಳೆಯುತ್ತದೆ, ನೈಲಾನ್ ಅಥವಾ ಪಾಲಿಯೆಸ್ಟರ್ ಹುರಿ ಹಾಕಿ. ಮೊದಲ ಸಲ ಮೇಲಿನಿಂದ ನೀರು ಹಾಕಿ ಮಣ್ಣು ನೆನೆಸಿ, ಒಣ ಮಣ್ಣಿಗೆ ಬತ್ತಿ ನೀರು ಏರಿಸುವುದಿಲ್ಲ. ಕೆಳಗಿನ ನೀರಿಗೆ ಬೆಳಕು ಬೀಳದ ಹಾಗೆ ಪೂರ್ತಿ ಮುಚ್ಚಿ. ಮಣ್ಣಿಗಿಂತ ನೀರಿನಲ್ಲಿ ಪಾಚಿ ಬೇಗ ಕಟ್ಟುತ್ತದೆ. ಎರಡು ಭಾಗ ಸೇರುವ ಕಡೆ ಸಂದು ಉಳಿದರೆ ಬಟ್ಟೆಯಿಂದ ಬಿಗಿ ಮಾಡಿ, ನೀರುಗಾವಲು ಹೇಳಿದ ಸೊಳ್ಳೆ ಅಲ್ಲಿಂದಲೇ ಒಳಗೆ ಹೋಗುವುದು. ನೀರು ಕೆಳಗಿನಿಂದ ಮಾತ್ರ ಬರುವುದರಿಂದ ಗೊಬ್ಬರದ ಉಪ್ಪು ಮೇಲೆ ಬಿಳಿಯಾಗಿ ಕೂರುತ್ತದೆ. ಆಗಾಗ ಮೇಲಿನಿಂದ ಧಾರಾಳವಾಗಿ ನೀರು ಹೊಯ್ದು, ಕೆಳಗೆ ಬಂದದ್ದನ್ನು ಚೆಲ್ಲಿಬಿಡಿ.

ಕೆಂಪುಮಣ್ಣು

ಟೊಮೆಟೊ, ಮೆಣಸಿನಕಾಯಿ ಬಗ್ಗೆ ಒಂದು ಮಾತು ಬಾಕಿ ಇತ್ತು. ಅವು ಈ ಡಬ್ಬಿಗಳಲ್ಲಿ ಸಸಿಯಾಗಿ ಇರುವಷ್ಟು ದಿನ ಮಾತ್ರ ಇರಲಿ. ಅಂಗಿ ಸರಿಸಿ ನೋಡುತ್ತಿರಿ. ಬಿಳಿ ಬೇರು ಗೋಡೆ ಮುಟ್ಟಿ, ತಳದಲ್ಲಿ ಸುತ್ತು ಹಾಕಲು ಶುರು ಮಾಡಿದರೆ ಬದಲಿಸುವ ಸಮಯ ಬಂತು. ಬೇರು ಕಂದಾಗಿ ಮೆತ್ತಗಾಗಿದ್ದರೆ ನೀರು ಜಾಸ್ತಿಯಾಗಿದೆ, ಮೊದಲು ಅದನ್ನು ಸರಿಪಡಿಸಿ. ಫಲ ಬಿಡುವ ಟೊಮೆಟೊಗೆ 15–20 ಲೀಟರ್ ಹಿಡಿಯುವ ಕುಂಡ ಬೇಕು. ಸೊಪ್ಪು ಮಾತ್ರ 10–15 ಸೆಂಟಿಮೀಟರ್ ಆಳದಲ್ಲಿ ಕೊಯ್ಲಿನವರೆಗೂ ಆರಾಮಾಗಿ ಇರುತ್ತದೆ. ಬದಲಿಸುವಾಗ ಡಬ್ಬಿಯ ಪಕ್ಕವನ್ನು ಮೆಲ್ಲಗೆ ಅದುಮಿ ಓರೆ ಮಾಡಿ, ಮಣ್ಣಿನ ಹೆಂಟೆ ಸಮೇತ ಸಸಿ ಜಾರಿ ಬರುತ್ತದೆ. ಕಾಂಡ ಹಿಡಿದು ಎಳೆಯಬೇಡಿ. ಆಮೇಲೆ ಡಬ್ಬಿಯನ್ನು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಮುಂದಿನ ಸಲದ ಬೀಜಕ್ಕೆ ಅದೇ ಡಬ್ಬಿ ಆಗುತ್ತದೆ.

ಚಿಗುರೆಲೆ

ಸರಿ, ಎತ್ತರದ ಸೋಡಾ ಬಾಟಲಿಗಳನ್ನು ಬತ್ತಿ ಹಾಕಿ ಪುದೀನಕ್ಕೆ, ಹಣ್ಣಿನ ಡಬ್ಬಿಗಳನ್ನು ಸಸಿಗೆ, ಆಳ ಇರುವ ಪಾರ್ಸೆಲ್ ಡಬ್ಬಿಗಳನ್ನು ಸೊಪ್ಪಿಗೆ ಎತ್ತಿಡುತ್ತೇನೆ. 6 ಅಂತ ಇರುವ ಕೇಕ್ ಡಬ್ಬಿಗಳನ್ನು ಇವತ್ತೇ ಮರುಬಳಕೆಗೆ ಕೊಡುತ್ತೇನೆ. ಬೇರು ಗೋಡೆಗೆ ಬಂದಾಗ ಫೋಟೋ ಹಾಕುತ್ತೇನೆ, ಬದಲಿಸುವ ಹೊತ್ತು ಆಗಿದೆಯಾ ಅಂತ ನೀವೇ ನೋಡಿ ಹೇಳಿ.